ಬಾರದ ನೋವಿಗೆ ಮದ್ದು: ಒಂದು ಮಾತ್ರೆಯ ಸಂದರ್ಶನ

ಕಡಬ ಕಡೆಯ ಒಂದು ತೋಟದ ಮನೆ. ಫ್ರಿಜ್ಜಿನ ಮೇಲೆ ಕರೆಂಟು ಬಿಲ್ಲು, ಹಳೆಯ ಮದುವೆ ಕಾಗದಗಳ ಎಡೆಯಲ್ಲಿ ಸಿಕ್ಕಿಕೊಂಡಿದ್ದ ಅಲೋಪ್ಯೂರಿನಾಲ್ 100 ಮಿಲಿಗ್ರಾಂ ಮಾತ್ರೆಯನ್ನು ಮಾತಾಡಿಸಿದೆವು. ಯಜಮಾನರು ಪುತ್ತೂರು ಪೇಟೆಗೆ ಹೋಗಿದ್ದರು. ಮಾತಿಗೆ ತಡೆಯಿರಲಿಲ್ಲ.

ಸೌಖ್ಯವಾ?

ನನಗೆಂತ, ಸೌಖ್ಯವೇ. ಮಳೆಗಾಲದಿಂದ ನಾವು ಆರು ಜನ ಇಲ್ಲೇ ಬಿದ್ದಿದ್ದೇವೆ. ಯಜಮಾನರ ಹೆಬ್ಬೆರಳ ನೋವು ಹೋಯಿತಲ್ಲ, ಇನ್ನು ನಾವೆಂತಕ್ಕೆ?

ನೋವು ಹೋದ ಮೇಲೆ ಮದ್ದೆಂತಕ್ಕೆ ಎಂದರೆ ತಪ್ಪೇ?

ಅಡಿಕೆಗೆ ಮದ್ದು ಬಿಡುವುದು ಯಾವಾಗ ಮಾರಾಯ್ರೆ? ಕೊಳೆರೋಗ ಬಂದು ಕಾಯಿ ಉದುರಿದ ಮೇಲಾ? ಮಳೆ ಹಿಡಿಯುವ ಮೊದಲೇ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮರ ಹತ್ತುವವರು ಸಿಗದಿದ್ದರೆ ಇವರಿಗೆ ಊಟ ಸೇರುವುದಿಲ್ಲ. 40 ದಿನ ಕಳೆದರೆ ಎರಡನೇ ಸಲ. ಕೊಳೆ ಬರಲಿಲ್ಲವೋ, 'ಮದ್ದು ಲಾಯ್ಕ ಹಿಡಿದಿದೆ'. ಕಾಲಿಗೆ ನೋವು ಬರಲಿಲ್ಲವೋ, 'ಮದ್ದೇ ಬೇಡ'. ಅಡಿಕೆಗೆ ಕ್ವಿಂಟಲಿಗಿಷ್ಟು ಎಂದು ರೇಟುಂಟು. ಹೆಬ್ಬೆರಳಿಗೆ ಎಲ್ಲಿದೆ?

ನಿಮ್ಮ ಕೆಲಸವಾದರೂ ಎಂತದ್ದು?

ಯೂರಿಕ್ ಆಸಿಡ್ ತಯಾರಾಗುವಲ್ಲಿ ಅಡ್ಡ ನಿಲ್ಲುವುದು. ರಕ್ತದಲ್ಲಿ ಅದು ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ಸಂಧಿಯೊಳಗೆ ಸೂಜಿಯಂಥ ಹರಳು ಕಟ್ಟಲಿಕ್ಕೆ ದಾರಿ. ಆಮೇಲೆ ಒಂದು ರಾತ್ರಿ ಹೊದಿಕೆ ತಾಗಿದರೂ ಬೊಬ್ಬೆ! 6ರಿಂದ ಕೆಳಗೆ ಇಟ್ಟರೆ ಹಳೆಯ ಹರಳೂ ಕರಗುತ್ತದೆ. ವಾರದಲ್ಲಲ್ಲ, ವರ್ಷಗಟ್ಟಲೆ ಬೇಕು. ನನ್ನನ್ನು ಕಂಡುಹಿಡಿದ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಸಿಕ್ಕಿತು. ನನಗೆ ಸಿಕ್ಕಿದ್ದು ಫ್ರಿಜ್ಜಿನ ತಲೆ.

ನಿಮ್ಮನ್ನು ನುಂಗಿದ ಮೇಲೆಯೇ ನೋವು ಜಾಸ್ತಿಯಾಯಿತಂತೆ?

ಸುಳ್ಳಲ್ಲ. ಹರಳು ಕರಗಲು ಶುರುವಾದ ಮೊದಲ ತಿಂಗಳುಗಳಲ್ಲಿ ಹಾಗಾಗುವುದುಂಟು. ಅದಕ್ಕೇ ಡಾಕ್ಟ್ರು ಕಡಿಮೆಯಿಂದ ಶುರು ಮಾಡಿ, ರಕ್ತ ನೋಡಿಕೊಂಡು ಏರಿಸುವುದು. 3ರಿಂದ 6 ತಿಂಗಳು ಜೊತೆಗೆ ಕೊಲ್ಚಿಸಿನ್ ಕೊಡುವುದು. ಆ ಕೊಲ್ಚಿಸಿನ್ ನಿಮಗೆ ಗುರುತಿನವನೇ. ಮಳೆಗಾಲದಲ್ಲಿ ಬೇಲಿ ಮೇಲೆ ಅರಳುವ ಅಗ್ನಿಶಿಖೆಯ ಬೀಜದಲ್ಲಿ, ಗೆಡ್ಡೆಯಲ್ಲಿ ಇರುವುದೂ ಅವನೇ. ಹಾಗೆಂದು ಗೆಡ್ಡೆ ಅರೆದು ಕುಡಿದರೆ ನೋವಿನ ಜೊತೆ ಆಸಾಮಿಯೂ ಹೋದಾನು.

(ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ ಎಂದು ಮಾತ್ರೆ ಕೇಳಿಕೊಂಡಿತು. ನಮ್ಮಲ್ಲಿ ದಪ್ಪ ಅಕ್ಷರ ಪ್ರಶ್ನೆ ಕೇಳುವವರಿಗೆ ಮಾತ್ರ.)

ಬಂಗುಡೆ ಬಿಟ್ಟರೆ ಸಾಕು ಎನ್ನುತ್ತಾರಲ್ಲ?

ಬಂಗುಡೆ, ಬೂತಾಯಿ, ಬಿಯರು ಕಡಿಮೆ ಮಾಡಿದರೆ ಒಳ್ಳೆಯದೇ. ಆದರೆ ಮೀನಿನ ವಾಸನೆಗೆ ಮೂಗು ಮುಚ್ಚುವ ಮನೆಗಳಲ್ಲೂ ನಾನಿದ್ದೇನೆ. ಹೆಚ್ಚಿನವರಲ್ಲಿ ತಕರಾರು ಕಿಡ್ನಿಯದ್ದು, ಯೂರಿಕ್ ಆಸಿಡನ್ನು ಸಾಕಷ್ಟು ಹೊರಗೆ ಹಾಕುವುದಿಲ್ಲ. ವಂಶದಲ್ಲೇ ಬರುವುದೂ ಉಂಟು. ಮೂತ್ರ ಜಾಸ್ತಿ ಹೋಗಿಸುವ ಕೆಲವು ಬಿಪಿ ಮಾತ್ರೆಗಳಿಂದಲೂ ಏರುತ್ತದೆ. ಆದರೆ ಅಪವಾದ ಪಾಪ, ಬಂಗುಡೆಗೆ.

ಯಜಮಾನರ ರಿಪೋರ್ಟು ನಾರ್ಮಲ್ ಬಂದಿತ್ತಂತೆ.

5.4 ಬಂತು. ತಂದದ್ದು ನಾನು! ಅದೇ ಕಾಗದ ತೋರಿಸಿ ನನ್ನನ್ನು ಕೆಲಸದಿಂದ ತೆಗೆದರು. ಯಾವುದೋ ಗೃಹಪ್ರವೇಶದ ಊಟ ಮುಗಿಸಿ ಬಂದ ರಾತ್ರಿ ಪುನಃ ಬೊಬ್ಬೆ. ಒಂದು ಇಂಜೆಕ್ಷನ್ ಬಿತ್ತು, ಎರಡು ದಿನದಲ್ಲಿ ಎದ್ದು ನಡೆದರು. ಈಗ ಆ ಡಾಕ್ಟರ ಕೈಗುಣದ ಕತೆ ಪಂಜದಿಂದ ಬೆಳ್ಳಾರೆವರೆಗೆ ಮುಟ್ಟಿದೆ. ಬಾರದೇ ಹೋದ ನೋವಿನ ಕತೆಯನ್ನು ಯಾರ ಹತ್ತಿರ ಹೇಳುವುದು?

ನಿಮ್ಮಲ್ಲಿ ದೋಷವೇ ಇಲ್ಲವೇ?

ಉಂಟು. ಕೆಲವರಿಗೆ ನಾನು ಆಗುವುದೇ ಇಲ್ಲ. ಮೈಮೇಲೆ ಕೆಂಪು ಗುಳ್ಳೆ, ಜ್ವರ. ಅಪರೂಪಕ್ಕೆ ಜೀವಕ್ಕೇ ಕುತ್ತು. ಗುಳ್ಳೆ ಕಂಡ ಕೂಡಲೇ ನನ್ನನ್ನು ಬಿಟ್ಟು ಡಾಕ್ಟರ ಹತ್ತಿರ ಓಡಬೇಕು. ಅಲ್ಲಿ ಮಾತ್ರ ನನ್ನ ಮಾನ ನೋಡಬೇಡಿ.

ಹಾಗಾದರೆ ಯಜಮಾನರು ನಾಳೆಯಿಂದ ನಿಮ್ಮನ್ನೇ ನುಂಗಲಿ ಎನ್ನೋಣವೇ?

ಮೊದಲು ಪುತ್ತೂರಲ್ಲೋ ಸುಳ್ಯದಲ್ಲೋ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಹೊಸ ಚೀಟಿ ತರಲಿ. ನನ್ನನ್ನಂತೂ ಬೇಡ. ಎಕ್ಸ್‌ಪೈರಿ ತಾರೀಕು ಇದ್ದ ತುಂಡನ್ನು ಅಂಗಡಿಯವರು ಕತ್ತರಿ ಹಾಕಿ ಬೇರೆ ಯಾರಿಗೋ ಕೊಟ್ಟಿದ್ದಾರೆ. ನನಗೆಷ್ಟು ಪ್ರಾಯವಾಯಿತೆಂದು ನನಗೇ ಗೊತ್ತಿಲ್ಲ.