ಅರ್ಧ ದಾರಿಯಲ್ಲಿ ಬಿಡಾರ ಹೂಡಿದವರಿಗೆ ಅಭಿನಂದನೆ

ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಐಸ್ ಹಾಕಿ ತಂಡದ ಮಾನ್ಯ ಆಡಳಿತ ಮಂಡಳಿಯ ಸನ್ನಿಧಾನಕ್ಕೆ,

2009, 2016 ಮತ್ತು 2017ರಲ್ಲಿ ಲೀಗಿನ ಕಿರೀಟವಾದ ಸ್ಟಾನ್ಲಿ ಕಪ್ ಗೆದ್ದುಕೊಟ್ಟ ಸಿಡ್ನಿ ಕ್ರಾಸ್ಬಿ, ಎವ್ಗೆನಿ ಮಾಲ್ಕಿನ್, ಕ್ರಿಸ್ ಲೆಟಾಂಗ್ ಎಂಬ ತ್ರಿಮೂರ್ತಿಗಳನ್ನು, ಗೆಲುವು ಕೈಬಿಟ್ಟ ಮೇಲೂ ತಾನು ಕೈಬಿಡದ ಮಂಡಳಿಯ ನಿಷ್ಠೆ ಅಧ್ಯಯನಯೋಗ್ಯವಾದುದು. 2022ರ ಜುಲೈನಲ್ಲಿ 35ರ ಲೆಟಾಂಗ್ ಅವರಿಗೆ ಆರು ವರ್ಷಗಳ, ಅದೇ ತಿಂಗಳ ಕೊನೆಗೆ 36 ತುಂಬಲಿದ್ದ ಮಾಲ್ಕಿನ್ ಅವರಿಗೆ ನಾಲ್ಕು ವರ್ಷಗಳ ಒಪ್ಪಂದವನ್ನು, ತಲಾ ವರ್ಷಕ್ಕೆ 61 ಲಕ್ಷ ಡಾಲರ್‌ನಂತೆ ದಯಪಾಲಿಸಿದ ಮಂಡಳಿಗೆ ಮುಪ್ಪೆಂಬುದು ಮಾಯೆಯೆಂದೇ ಕಂಡಿರಬೇಕು. ಆದರೆ ಈ ಲೀಗಿನಲ್ಲಿ 2005ರಿಂದ ವೇತನ ಮಿತಿ, ಎಂದರೆ ಆಟಗಾರರೆಲ್ಲರ ಒಟ್ಟು ಸಂಬಳಕ್ಕೊಂದು ಕಟ್ಟುನಿಟ್ಟಿನ ಗರಿಷ್ಠ ಮೊತ್ತ, ಜಾರಿಯಲ್ಲಿರುವುದರಿಂದ, ಹಳೆಯ ಋಣ ತೀರಿಸಲು ತೆತ್ತ ಪ್ರತಿ ಡಾಲರೂ ಹೊಸಬರ ಪಾಲಿನಿಂದಲೇ ಕಳೆದುಹೋಗುತ್ತದೆ.

ಹಳಬರನ್ನು ಬಿಡದ ಮಂಡಳಿಯ ಈ ಸಿದ್ಧಾಂತದ ಪರಿಪೂರ್ಣ ಪ್ರಯೋಗ ನಡೆದದ್ದು 2023ರ ಏಪ್ರಿಲ್‌ನಲ್ಲಿ. ತನ್ನ ಮೂರು ಕಪ್‌ಗಳ ನಾಯಕರಲ್ಲೊಬ್ಬರಾದ ಪ್ಯಾಟ್ರಿಕ್ ಕೇನ್ ಅವರನ್ನೂ ಬಿಟ್ಟುಕೊಟ್ಟು, ತಂಡವನ್ನು ಬುಡದಿಂದ ಕಟ್ಟಲೆಂದೇ ಪಟ್ಟಿಯ ತಳಕ್ಕಿಳಿದಿದ್ದ ಶಿಕಾಗೊ, ಪಿಟ್ಸ್‌ಬರ್ಗ್‌ನ ಅಂಗಳದಲ್ಲೇ 5–2ರಿಂದ ಗೆದ್ದಿತು. ಪೆಂಗ್ವಿನ್ಸ್ ಒಂದೇ ಒಂದು ಅಂಕದಿಂದ, ಕಪ್‌ಗಾಗಿ ಸೆಣಸುವ ಪ್ಲೇಆಫ್ ಹಂತವನ್ನು ಕಳೆದುಕೊಂಡು, ಸತತ 16 ಋತುಗಳ ಪ್ಲೇಆಫ್ ಪ್ರವೇಶದ ಸರಪಳಿ ಕಡಿಯಿತು. ಮರುತಿಂಗಳು, ತಳದ ತಂಡಗಳಿಗೆ ಎಳೆಯ ಪ್ರತಿಭೆಗಳನ್ನು ಮೊದಲು ಆರಿಸಿಕೊಳ್ಳಲು ಬಿಡುವ ಡ್ರಾಫ್ಟ್ ಪದ್ಧತಿಯ ಲಾಟರಿಯಲ್ಲಿ ಶಿಕಾಗೊಗೆ ಮೊದಲ ಸ್ಥಾನವೂ ಅದರ ಮೂಲಕ ಕಾನರ್ ಬೆಡಾರ್ಡ್ ಎಂಬ ಹುಡುಗನೂ ದಕ್ಕಿದರೆ, ಪೆಂಗ್ವಿನ್ಸ್‌ಗೆ ಸಿಕ್ಕದ್ದು 14ನೆಯ ಸರದಿ. ಗೆಲ್ಲಲು ಸಾಲದಷ್ಟು, ಸೋತು ಲಾಭ ಪಡೆಯಲು ಮೀರುವಷ್ಟು ಬಲವನ್ನು ಇಷ್ಟು ಕರಾರುವಾಕ್ಕಾಗಿ ತೂಗಿ ಇಟ್ಟುಕೊಂಡ ತಂಡ ವಿರಳ.

ಅದೇ ವರ್ಷದ ಆಗಸ್ಟ್‌ನಲ್ಲಿ 33ರ ಎರಿಕ್ ಕಾರ್ಲ್ಸನ್ ಅವರನ್ನು ಕರೆತಂದು, ಮರುವರ್ಷದ ಮಾರ್ಚ್‌ನಲ್ಲಿ 29ರ ಜೇಕ್ ಗೆಂಟ್ಸೆಲ್ ಅವರನ್ನು ಕಳುಹಿಸಿಕೊಟ್ಟ ತರ್ಕವನ್ನು ಭಾಷ್ಯಕಾರರಿಗೆ ಬಿಡುವುದು ಲೇಸು.

ಮಂಡಳಿಯ ಪರವಾದ ವಾದವೂ ಇಲ್ಲದಿಲ್ಲ: ಬುಡದಿಂದ ಕಟ್ಟುತ್ತಲೇ ಇದ್ದ ಬಫಲೊ ತಂಡ 2012ರಿಂದ 2025ರವರೆಗೆ ಒಂದೇ ಒಂದು ಪ್ಲೇಆಫ್ ಪಂದ್ಯ ಆಡಲಿಲ್ಲ. ಕ್ರಾಸ್ಬಿಯಂತೂ 37ರಲ್ಲೂ ತಂಡದ ಅತ್ಯುತ್ತಮ ಆಟಗಾರರಾಗಿಯೇ ಉಳಿದದ್ದು ಪುನಾರಚನಾವಾದಿಗಳ ಬಾಯಿ ಕಟ್ಟಿಸಿತು. ಆದರೆ 2005ರ ಡ್ರಾಫ್ಟ್‌ನ ಮೊದಲ ಆಯ್ಕೆಯಾದ ಆ ಕ್ರಾಸ್ಬಿಯೂ, 2004ರ ಎರಡನೆಯ ಆಯ್ಕೆಯಾದ ಮಾಲ್ಕಿನ್ ಕೂಡ ಇದೇ ತಂಡ ತಳ ಸೇರಿ ನಾಚಿದ್ದ ದಿನಗಳ ಗಳಿಕೆ ಎಂಬುದನ್ನು ಪೂಜೆಯ ಗಡಿಬಿಡಿಯಲ್ಲಿ ಮಂಡಳಿ ಮರೆತಂತಿದೆ.

2018ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಾನು ತಂಡವನ್ನು ಬಿಚ್ಚಿ ಕಟ್ಟಲಿರುವುದಾಗಿ ಅಭಿಮಾನಿಗಳಿಗೆ ಪತ್ರ ಬರೆದು ಹೇಳಿತು. ಅಂಥ ಒರಟುತನ ಮಂಡಳಿಯಿಂದ ನಿರೀಕ್ಷಿತವಲ್ಲ. ಲೆಟಾಂಗ್ ಅವರ ಒಪ್ಪಂದ 2028ರಲ್ಲಿ, ಅವರ 41ನೆಯ ವಯಸ್ಸಿನಲ್ಲಿ, ಮುಗಿಯಲಿದ್ದು, ಆಗ ಅದನ್ನು ನವೀಕರಿಸುವ ಮುನ್ನ ಪುನಾರಚನೆಯ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಂಡರೆ ಸಾಕು.

ಇತಿ,
ಮಂಡಳಿಯ ಹಿತೈಷಿಗಳು