ಕರಮುಕ್ತಿ ಮೀಮಾಂಸೆ

ಮುಕ್ತಿ ನಾಲ್ಕು ಬಗೆ ಎಂದು ನಮ್ಮ ಹಿರಿಯರು ಲೆಕ್ಕ ಹಾಕಿಟ್ಟಿದ್ದಾರೆ. ಪಾಪ, ಅವರು ಅಮೆರಿಕದ ತೆರಿಗೆ ಶಾಸ್ತ್ರ ಓದಿದವರಲ್ಲ. ಅಲ್ಲಿ ಆದಾಯದ ಮೇಲೆ ಕೇಂದ್ರದ ತೆರಿಗೆ ಬೇರೆ, ರಾಜ್ಯದ್ದು ಬೇರೆ. ನಿವೃತ್ತ ಪೊಲೀಸರು ಮತ್ತು ಅಗ್ನಿಶಾಮಕರ ಪಿಂಚಣಿಗೆ ರಾಜ್ಯಕ್ಕೊಂದು ಮೋಕ್ಷಮಾರ್ಗ.

ಎಲ್ಲಕ್ಕಿಂತ ಸುಲಭವಾದದ್ದು ಸಾಲೋಕ್ಯ. ಫ್ಲಾರಿಡಾ, ಟೆಕ್ಸಾಸ್, ನೆವಾಡಾಗಳಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲವಾದ್ದರಿಂದ ಆ ಲೋಕದಲ್ಲಿ ಮನೆ ಮಾಡಿದರೆ ಆಯಿತು. ತಪಸ್ಸು ಬೇಡ, ಸಾಮಾನು ಸಾಗಿಸಲು ಒಂದು ಲಾರಿ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಜೀವಮಾನವೆಲ್ಲ ಕಳ್ಳರನ್ನು ಅಟ್ಟಿದವರು ಫ್ಲಾರಿಡಾ ಸೇರಿಕೊಂಡರೆ, ಅವರ ಪಿಂಚಣಿಯನ್ನು ಕ್ಯಾಲಿಫೋರ್ನಿಯಾ ಅಟ್ಟಿಕೊಂಡು ಹೋಗುವಂತಿಲ್ಲವೆಂದು 1996ರ ಕೇಂದ್ರ ಕಾಯ್ದೆ ಅಪ್ಪಣೆ ಕೊಡಿಸಿದೆ. ಮೇರಿಲ್ಯಾಂಡಿನದು ವಯೋಮುಕ್ತಿ: 2017ರ ಕಾನೂನು 55 ತುಂಬಿದವರಿಗೆ ರಿಯಾಯಿತಿ ಕೊಟ್ಟಿತು. 54ರವರ ಶೌರ್ಯ ಇನ್ನೂ ದೋರೆಗಾಯಿ.

ಮಡಿಯ ಪ್ರಕರಣವೂ ಒಂದಿದೆ, ಅದು ಕೇಂದ್ರ ತೆರಿಗೆಗೆ ಸೇರಿದ್ದು. ಈ ನಿವೃತ್ತರ ಆರೋಗ್ಯ ವಿಮೆಗೆ ಹೋಗುವ ಪಿಂಚಣಿಯಲ್ಲಿ ವರ್ಷಕ್ಕೆ 3,000 ಡಾಲರ್‌ವರೆಗೆ ತೆರಿಗೆಯಿಲ್ಲ ಎಂದು 2006ರಲ್ಲಿ ವಿಧಿಸಲಾಯಿತು. ಪೊಲೀಸ್, ಅಗ್ನಿಶಾಮಕ ಇಲಾಖೆಗಳ ಪಾದ್ರಿಗಳಿಗೂ ಈ ರಿಯಾಯಿತಿ ಉಂಟು. ಆದರೆ ಹಣ ಪಿಂಚಣಿ ನಿಧಿಯಿಂದ ನೇರವಾಗಿ ವಿಮೆ ಕಂಪನಿಗೇ ಹೋಗಬೇಕು. ನಡುವೆ ಪಿಂಚಣಿದಾರರ ಕೈ ಸೋಕಿತೋ, ಮೈಲಿಗೆ! ಈ ಮಡಿ ಸಡಿಲವಾಗಲು 2022 ಬರಬೇಕಾಯಿತು.

ಇನ್ನು ಗಹನವಾದ ಅಧಿಕರಣ, ವೆಸ್ಟ್ ವರ್ಜೀನಿಯಾದ್ದು. ಅಲ್ಲಿ ರಾಜ್ಯದ ಕೆಲವು ಯೋಜನೆಗಳಡಿ ಪಿಂಚಣಿ ಪಡೆಯುವ ಪೊಲೀಸರು, ಡೆಪ್ಯುಟಿ ಷರೀಫರು, ಅಗ್ನಿಶಾಮಕರಿಗೆ ರಾಜ್ಯ ತೆರಿಗೆ ಪೂರ್ತಿ ಮಾಫಿ. ಜೇಮ್ಸ್ ಡಾಸನ್ ನಿವೃತ್ತ ಯು.ಎಸ್. ಮಾರ್ಷಲ್, ಕೇಂದ್ರದ ನೌಕರ. ಅವರಿಗೆ ಆ ಮಾಫಿ ಇರಲಿಲ್ಲ. ಸಂಶಯ ಹುಟ್ಟಿತು: ಶೌರ್ಯವೆಂಬುದು ಆತ್ಮದ ಗುಣವೋ, ಸಂಬಳದ ಚೀಟಿಯ ಗುಣವೋ? ಕೆಲಸದಲ್ಲಿ ಹೇಳಿಕೊಳ್ಳುವಂಥ ಭೇದವೇನೂ ವಿಚಾರಣಾ ನ್ಯಾಯಾಲಯಕ್ಕೆ ಕಾಣಲಿಲ್ಲ. ಆಗ ರಾಜ್ಯದ ಪೂರ್ವಪಕ್ಷ: ಮಾಫಿ ಸಿಗುವುದು ಬೆರಳೆಣಿಕೆಯ ಜನಕ್ಕೆ, ಇದು ನಮ್ಮವರ ಮೇಲಿನ ಮಮತೆಯೇ ಹೊರತು ಕೇಂದ್ರದವರ ಮೇಲಿನ ಹಗೆಯಲ್ಲ. ಮಗಳ ಎಲೆಗೆ ಮಾತ್ರ ತುಪ್ಪ ಬಡಿಸಿದ ಅತ್ತೆ ಸೊಸೆಗೆ ಹೇಳುವ ಮಾತೂ ಇದೇ. ರಾಜ್ಯದ ಅತ್ಯುಚ್ಚ ನ್ಯಾಯಾಲಯ ಇದಕ್ಕೆ ತಲೆದೂಗಿದ್ದು ಶಾಸ್ತ್ರೀಯ ಸೋಜಿಗ.

ಸಿದ್ಧಾಂತ ಬಂದದ್ದು ಫೆಬ್ರವರಿ 2019ರಲ್ಲಿ. ಅಮೆರಿಕದ ಸುಪ್ರೀಂ ಕೋರ್ಟಿನ ಎಲ್ಲರ ಪರವಾಗಿ ನ್ಯಾಯಮೂರ್ತಿ ನೀಲ್ ಗೋರ್ಸಚ್ ಬರೆದರು: ತುಪ್ಪ ಎಷ್ಟು ಎಲೆಗೆ ಬಿತ್ತೆಂಬುದೂ ಮುಖ್ಯವಲ್ಲ, ಬಡಿಸಿದವರ ಮನಸ್ಸಿನಲ್ಲಿ ಏನಿತ್ತೆಂಬುದೂ ಮುಖ್ಯವಲ್ಲ; ಒಂದೇ ಬಗೆಯ ಕೆಲಸ ಮಾಡಿದವರ ನಡುವೆ ಪಂಕ್ತಿಭೇದ ಸಲ್ಲದು. ತುಪ್ಪ ಮಾತ್ರ ನನ್ನದು, ನ್ಯಾಯ ಅವರದು.

ಆದರೆ ಇಂಥದೇ ಮಿಷಿಗನ್ ಮೊಕದ್ದಮೆಯಲ್ಲಿ 1989ರಲ್ಲೇ ಅದೇ ಕೋರ್ಟು ಸಮತ್ವಕ್ಕೆ ಎರಡು ದಾರಿ ತೋರಿಸಿಬಿಟ್ಟಿದೆ: ಬಿಟ್ಟವರಿಗೂ ಕೊಡಿ, ಇಲ್ಲವೇ ಪಡೆದವರಿಂದಲೂ ಕಿತ್ತುಕೊಳ್ಳಿ. ತರ್ಕಕ್ಕೆ ಎರಡೂ ಸಮ. ಎರಡನೆಯದನ್ನು ನಿವೃತ್ತ ಡೆಪ್ಯುಟಿ ಷರೀಫರ ಸಂಘದಲ್ಲಿ ಪ್ರತಿಪಾದಿಸಲು ಹೊರಡುವ ಪಂಡಿತರು ಮೊದಲು ತಮ್ಮ ಆರೋಗ್ಯ ವಿಮೆಯ ಕಂತು ಕಟ್ಟಿರತಕ್ಕದ್ದು.