ಬೆಂಜ್ ಲಾರಿಯ ಹಣೆಬರಹ

ಹಳೆಯ ಲಾರಿ ಕೊಳ್ಳುವುದಕ್ಕೆ ದುಡ್ಡಿದ್ದರೆ ಸಾಕು. ಅದರ ಮೇಲೆ ಏನು ಬರೆಸುವುದೆಂದು ತೀರ್ಮಾನಿಸುವುದಕ್ಕೆ ಇಡೀ ಕುಟುಂಬವೇ ಬೇಕು. ಬೆಳ್ಳಾರೆ ಹತ್ತಿರ ಅಡಿಕೆ ತೋಟ ಇಟ್ಟುಕೊಂಡಿರುವ ನಮ್ಮ ಭಾವ, 1966ನೇ ಮಾಡೆಲಿನ ಮೂತಿ ಲಾರಿಯೊಂದನ್ನು ಗುಜರಿಯವನ ಬಾಯಿಂದ ಬಿಡಿಸಿ ತಂದ. ಕಡಬದ ಕಡೆ ದಿಮ್ಮಿಯನ್ನೂ ಮುರಕಲ್ಲನ್ನೂ ಹೊತ್ತು ಸವೆದ ಟಾಟಾ ಮರ್ಸಿಡಿಸ್ ಬೆಂಜ್ ಅದು. ಟಾಟಾದವರಿಗೂ ಜರ್ಮನಿಯವರಿಗೂ 1954ರಲ್ಲಿ ಕೂಡಿದ ನಂಟು 1969ರಲ್ಲಿ ಕಡಿದುಹೋಯಿತು. ಈ ಲಾರಿ ಹುಟ್ಟಿದ್ದು ಅದಕ್ಕೆ ಮೊದಲಾದ್ದರಿಂದ ಮೂತಿಯ ಮೇಲೆ ಮೂರು ಕಾಲಿನ ನಕ್ಷತ್ರ ಇನ್ನೂ ಉಂಟು. “ಕಾರಿನದ್ದು ಕಿತ್ತು ಅಂಟಿಸಿದ್ದಾ?” ಎಂದು ಕೇಳಿದ ನೆಂಟರಿಗೆಲ್ಲ ಭಾವ ಈ ಚರಿತ್ರೆಯನ್ನು ಕಾಫಿಯ ಜೊತೆಗೇ ಬಡಿಸುತ್ತಾನೆ.

ಪುತ್ತೂರಿನ ಗ್ಯಾರೇಜಿನಲ್ಲಿ ತುಕ್ಕು ಕೆರೆದು ಬಣ್ಣ ಹೊಡೆದದ್ದಾಯಿತು. ಭಾವನ ಆಜ್ಞೆ ಒಂದೇ: “ಅಕ್ಷರ ಆ ಕಾಲದ್ದೇ ಆಗಬೇಕು.” ಆ ಕಾಲ ಯಾವುದೆಂದು ನಮ್ಮಲ್ಲಿ ಯಾರಿಗೂ ಸಂಶಯವಿರಲಿಲ್ಲ, ಒಬ್ಬೊಬ್ಬರದು ಒಂದೊಂದು ಕಾಲ. ಅಳಿಯನಿಗೆ ‘ನ್ಯಾಷನಲ್ ಪರ್ಮಿಟ್’ ಬೇಕು. ಅದು ಶುರುವಾದದ್ದೇ 1975ರಲ್ಲಿ. ಚಿಕ್ಕಪ್ಪನಿಗೆ ಅಡಿಕೆಯ ಗೌರವಕ್ಕೆ ‘ಕ್ಯಾಂಪ್ಕೊ’ ಹೆಸರು ಎಲ್ಲಾದರೂ ಬರಬೇಕು. ಅಡಿಕೆ ಬೆಳೆಗಾರರ ಆ ಸಹಕಾರಿ ಸಂಘ ಹುಟ್ಟಿದ್ದು 1973ರಲ್ಲಿ. ಆಗ ಈ ಲಾರಿಗೆ ಏಳು ವರ್ಷ, ಶಾಲೆಗೆ ಹೋಗುವ ಪ್ರಾಯ. ಮೊದಲ ಯಜಮಾನರ ವಿಳಾಸವನ್ನೇ ಹಾಕೋಣವೆಂದರೆ ಅಕ್ಕ ‘ಕಡಬ ತಾಲೂಕು’ ಎಂದು ಪಿನ್‌ಕೋಡ್ ಸಮೇತ ಬರೆದುಕೊಟ್ಟಳು. ಆಗ ಕಡಬ ಪುತ್ತೂರು ತಾಲೂಕಿನೊಳಗೆ. ಪಿನ್‌ಕೋಡ್ ಬಂದದ್ದು 1972ರ ಸ್ವಾತಂತ್ರ್ಯ ದಿನಕ್ಕೆ. ಅಲ್ಲಿಯವರೆಗೆ ‘ಪುತ್ತೂರು, ದ.ಕ.’ ಎಂದರೆ ಕಾಗದ ತಾನೇ ದಾರಿ ಹುಡುಕಿಕೊಂಡು ಬರುತ್ತಿತ್ತು.

‘ಗೂಡ್ಸ್ ಕ್ಯಾರಿಯರ್’ ಎಂಬುದೂ ಬಿದ್ದುಹೋಯಿತು. 1939ರ ಮೋಟಾರು ಕಾಯ್ದೆಯ ಪ್ರಕಾರ ಬಾಡಿಗೆಗೆ ಓಡುವ ಲಾರಿ ‘ಪಬ್ಲಿಕ್ ಕ್ಯಾರಿಯರ್’, ಸ್ವಂತ ಮಾಲು ಹೊರುವುದು ‘ಪ್ರೈವೇಟ್ ಕ್ಯಾರಿಯರ್’. 1988ರ ಕಾಯ್ದೆ ಆ ಭೇದವನ್ನು ಎತ್ತಿಹಾಕಿದ್ದು ಆಮೇಲೆ; ನಮ್ಮ ಲಾರಿಗೆ ‘ಪಬ್ಲಿಕ್ ಕ್ಯಾರಿಯರ್’ ಎಂದೇ ಆಯಿತು. ಹಳೆಯ ಲಾರಿಯ ಅಂದವೆಂದು ನಾವು ಬಾಯಿ ಚಪ್ಪರಿಸುವುದರಲ್ಲಿ ಅರ್ಧಕ್ಕರ್ಧ ಸರಕಾರ ಕಡ್ಡಾಯವಾಗಿ ಬರೆಸಿದ್ದು ಎಂದು ನನ್ನ ಅಂದಾಜು. ಖಾಲಿ ತೂಕ, ತುಂಬಿದ ತೂಕ, ಯಜಮಾನನ ವಿಳಾಸ — ಇದರಲ್ಲಿ ಕವಿತೆ ಎಲ್ಲಿಂದ ಬಂತು? ಬರೆದವನ ಕೈಯಿಂದಲೇ ಬಂದಿರಬೇಕು.

ಆ ಕೈ ಆಲಂಕಾರಿನಲ್ಲಿ ಸಿಕ್ಕಿತು. ಫ್ಲೆಕ್ಸ್ ಬಂದ ಮೇಲೆ ಬ್ರಶ್ಶು ತೊಳೆದಿಟ್ಟು ಕೋಳಿ ಸಾಕುತ್ತಿದ್ದ ಪೈಂಟರಣ್ಣ. ಅಳಿಯ ಕಂಪ್ಯೂಟರಿನಲ್ಲಿ ಮಾಡಿದ ಡಿಸೈನು ಮುಂದೆ ಹಿಡಿದ. ಅವರು ಅದನ್ನು ಒಮ್ಮೆ ನೇರ, ಒಮ್ಮೆ ತಲೆಕೆಳಗೆ ನೋಡಿ, “ಇದರಲ್ಲಿ ಎರಡು ‘ರ’ ಬಂದರೆ ಎರಡೂ ಒಂದೇ ಥರ ಉಂಟಲ್ಲ ಮಾರಾಯ್ರೆ, ಲಾರಿಯಲ್ಲಿ ಹಾಗೆಲ್ಲ ಆಗುವುದಿಲ್ಲ” ಎಂದು ಮಡಚಿ, ಬ್ರಶ್ಶು ಒರೆಸಲಿಕ್ಕೆ ಇಟ್ಟುಕೊಂಡರು. ನಮ್ಮ ಜಿಲ್ಲೆಗೆ ಈ ಹಟ ಹೊಸತಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಕಲ್ಲಚ್ಚಿನಲ್ಲಿ, ಅಂದರೆ ಕೈಯಲ್ಲಿ ಬರೆದ ಅಕ್ಷರದಲ್ಲೇ.

ರೇಟು ಅಕ್ಷರಕ್ಕಿಷ್ಟು ಎಂದಾಗ ಹಣೆಯ ಹಲಗೆಗೆ ಯಾವ ದೇವರು ಎಂಬ ಪ್ರಶ್ನೆ ಏಕಾಏಕಿ ಗಣಿತವಾಯಿತು. ಪುತ್ತೂರಿನ ಮಹಾಲಿಂಗೇಶ್ವರ ಆರಕ್ಷರ. ಸುಳ್ಯದ ಚೆನ್ನಕೇಶವ ಐದು. ಕುಕ್ಕೆಯ ಸುಬ್ರಹ್ಮಣ್ಯ ಬರೀ ನಾಲ್ಕು. ಭಾವನ ಭಕ್ತಿ ಕುಕ್ಕೆಯತ್ತ ವಾಲುವಷ್ಟರಲ್ಲಿ ಪೈಂಟರಣ್ಣ, “ಒತ್ತಕ್ಷರಕ್ಕೆ ಬೇರೆ” ಎಂದರು. ನಾಲ್ಕಕ್ಷರದಲ್ಲಿ ಮೂರು ಒತ್ತು! ಮಹಾಲಿಂಗೇಶ್ವರನೂ ಅಷ್ಟೇ ದುಡ್ಡಿಗೆ ಬಂದ. ಊರ ದೇವರೆಂದು ಅವನಿಗೇ ಹಣೆ ಸಿಕ್ಕಿತು.

ಹಿಂದಿನ ಹಲಗೆಯ ಕೆಲಸವನ್ನು ನಾನು ಕುಕ್ಕರಗಾಲಲ್ಲಿ ಕೂತು ನೋಡಿದೆ. ಸುಣ್ಣದ ಪುಡಿ ಮೆತ್ತಿದ ದಾರವನ್ನು ಎರಡು ತುದಿ ಹಿಡಿಸಿ ಚಟ್ಟನೆ ಮೀಟಿದರೆ ಗೆರೆ ಬಿತ್ತು. ಹಳದಿ ಅಕ್ಷರ, ಅದರ ಬಲಕ್ಕೂ ಬುಡಕ್ಕೂ ಕೆಂಪು ಶೇಡು. ಎಡಗೈಯನ್ನು ಹಲಗೆಗೆ ಊರಿ, ಅದರ ಮೇಲೆ ಬಲಗೈ ಇಟ್ಟು, ಉಸಿರು ಕಟ್ಟಿ ‘ಪುತ್ತೂರು’ ಎಂಬುದರ ‘ಪು’ ಮುಗಿಸಿದರು. ‘ತ್ತೂ’ ಬಂದಾಗ ತಕರಾರು: ಒತ್ತು ನೇರ ಎರಡು ಹಲಗೆಗಳ ಸಂದಿಗೆ ಬೀಳುತ್ತದೆ, ದೀರ್ಘ ಹೋಗಿ ಬೋಲ್ಟಿಗೆ ಬಡಿಯುತ್ತದೆ. ಅವರು ಒತ್ತನ್ನು ತುಸು ಎಡಕ್ಕೆ ಎಳೆದು, ದೀರ್ಘದ ಬಾಲವನ್ನು ಬೋಲ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ ಬಿಟ್ಟರು. ಯಾವ ತಂತ್ರಾಂಶಕ್ಕೆ ಈ ಬುದ್ಧಿ ಉಂಟು?

ಕೊನೆಗೆ ಹಳೆಯ ರಶೀದಿಯೊಂದರಲ್ಲಿ ಸಿಕ್ಕಿದ ‘ಫೋನ್: 36’ ಎಂಬುದನ್ನೂ ಬಾಗಿಲಿಗೆ ಹಾಕಿಸಿದ್ದಾಯಿತು.

ಬಣ್ಣ ಆರಿದ ಮೇಲೆ ಲಾರಿಯನ್ನು ಕಡಬ ಪೇಟೆಯಲ್ಲಿ ಅರ್ಧ ಗಂಟೆ ನಿಲ್ಲಿಸಿದೆವು, ಹಳಬರು ಯಾರಾದರೂ ಗುರುತು ಹಿಡಿದಾರು ಎಂಬ ಆಸೆಯಿಂದ. ಮನೆ ಕಟ್ಟಿಸುತ್ತಿದ್ದ ಒಬ್ಬರು ಸುತ್ತ ಬಂದು ‘ಪಬ್ಲಿಕ್ ಕ್ಯಾರಿಯರ್’ ಓದಿ, ಒಂದು ಲೋಡು ಕೆಂಪುಕಲ್ಲಿಗೆ ಬಾಡಿಗೆ ಎಷ್ಟೆಂದು ಕೇಳಿದರು. ಇದು ಶೋಕಿಗೆ ಇಟ್ಟ ಲಾರಿ ಎಂದು ಭಾವ 1939ರ ಕಾಯ್ದೆಯಿಂದ ಹಿಡಿದು ವಿವರಿಸಿದ. ಅವರು ತಾಳ್ಮೆಯಿಂದ ಕೇಳಿ, ಮೊಬೈಲು ಹೊರಗೆ ತೆಗೆದು, “ಅದೆಲ್ಲ ಸರಿ, 36 ಆದ ಮೇಲೆ ಬಾಕಿ ಎಂಟು ನಂಬರ್ ಹೇಳಿ” ಎಂದರು.